ಮಡಿಲಿನ ಲೆಕ್ಕ

ತೀರ್ಥಹಳ್ಳಿ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಮ್ಮ ಮಾಡುವ ಅನೇಕ ಆಶೀರ್ವಾದಗಳು.

ನಿನ್ನ ಪತ್ರ ಗುರುವಾರ ಕೈಸೇರಿತು. ಆರು ಜನ ಕೂರುವ ಕಾರು, ಸಾಲದ ಕಂತು, ಪೆಟ್ರೋಲೋ ಡೀಸೆಲ್ಲೋ ಎಂಬ ನಿನ್ನ ಯಜಮಾನರ ಚರ್ಚೆ, ಎಲ್ಲವನ್ನೂ ಓದಿ ಸಂತೋಷಪಟ್ಟೆ. ಅದರಲ್ಲಿ ನಾನು ಬಾಯಿ ಹಾಕುವಂಥದ್ದು ಏನೂ ಇಲ್ಲ. ಆದರೆ ಕೊನೆಯ ಹಾಳೆಯ ಅಂಚಿನಲ್ಲಿ ಅಡ್ಡಡ್ಡವಾಗಿ ಬರೆದಿರುವ ಸಾಲುಗಳು ಮೂರು ದಿನದಿಂದ ನನ್ನನ್ನು ಬಿಟ್ಟಿಲ್ಲ. ಪುಟ್ಟಿ ಅತ್ತರೆ ಅತ್ತೆಯವರು ಅವಳನ್ನು ಕಾರಿನ ಮಕ್ಕಳ ಆಸನದಿಂದ ಬಿಚ್ಚಿ ಮಡಿಲಿಗೆ ಎತ್ತಿಕೊಳ್ಳುತ್ತಾರೆ, ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ, ನಾನು ಬ್ರೇಕ್ ಹಾಕಿದಾಗ ಅವಳು ಅವರ ಕೈಯಿಂದ ಜಾರಿದರೆ ಎಂದು ನೆನೆದರೆ ನಿದ್ದೆ ಹತ್ತುವುದಿಲ್ಲ ಎಂದು ಬರೆದಿದ್ದೀಯೆ. ನಿದ್ದೆ ಹತ್ತದಿರುವುದು ಸರಿಯಾಗಿಯೇ ಇದೆ ಮಗಳೇ. ನಿನಗೆ ಸಮಾಧಾನ ಹೇಳಬೇಕೆಂದು ಕೂತವಳು ನಾನು, ಮೊದಲ ವಾಕ್ಯದಲ್ಲೇ ಹೀಗೆ ಬರೆದುಬಿಟ್ಟೆ, ಕ್ಷಮಿಸು.

1983ರಲ್ಲಿ ಮಂಡಗದ್ದೆಯ ತಿರುವಿನಲ್ಲಿ ಆದದ್ದನ್ನು ಮತ್ತೆ ಬರೆಯುವುದಿಲ್ಲ. ಅದನ್ನು ನಮ್ಮ ಮನೆಯಲ್ಲಿ ಎಲ್ಲರೂ ಬಲ್ಲರು, ಅದರ ಗುರುತು ನಿನ್ನ ಅಣ್ಣನ ಹಣೆಯಲ್ಲಿ ಈಗಲೂ ಇದೆ. ಯಾರಿಗೂ ಗೊತ್ತಿಲ್ಲದ ಒಂದು ಸಂಗತಿ ಮಾತ್ರ ಇದೆ. ಶಿವಮೊಗ್ಗದ ಮದುವೆ ಮನೆಗೆಂದು ಹೊರಟ ಆ ಅಂಬಾಸಿಡರ್‌ನಲ್ಲಿ ನಾವು ಎಂಟು ಜನ ಇದ್ದೆವು. ಮುಂದೆ ಬೆಂಚಿನಂತೆ ಒಂದೇ ಉದ್ದನೆಯ ಸೀಟು. ಬೆಲ್ಟ್ ಎಂಬುದು ಆ ಕಾರಿನಲ್ಲಿ ಇರಲೇ ಇಲ್ಲ. ಎರಡು ವರ್ಷದ ನಿನ್ನ ಅಣ್ಣ ನನ್ನ ಮಡಿಲಲ್ಲಿದ್ದ, ಕಾಲಿನ ಹತ್ತಿರ ನಮ್ಮಮ್ಮ ಮದುವೆ ಮನೆಗೆ ಕಳಿಸಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಇತ್ತು. ನನ್ನ ಎಡಗೈ ಮಗುವನ್ನು ಬಳಸಿಕೊಂಡಿತ್ತು. ಬಲಗೈ ಭರಣಿಯ ಬಾಯಿಗೆ ಕಟ್ಟಿದ ಬಟ್ಟೆಯನ್ನು ಹಿಡಿದುಕೊಂಡಿತ್ತು, ಏಕೆಂದರೆ ರಸ್ತೆಯ ತಿರುವುಗಳಲ್ಲಿ ಅದು ಒಮ್ಮೆ ವಾಲಿತ್ತು. ಎದುರಿನಿಂದ ಬಸ್ಸು ಬಂದಿತು, ನಿನ್ನ ದೊಡ್ಡಪ್ಪ ಪಕ್ಕಕ್ಕೆ ಎಳೆದರು, ಕಾರು ಮರಕ್ಕೆ ತಾಗಿ ನಿಂತಿತು. ಭರಣಿ ಒಡೆಯಲಿಲ್ಲ.

ಎರಡೂ ಕೈಯಲ್ಲಿ ಹಿಡಿದಿದ್ದರೆ ಎಂಬ ಒಂದೇ ಪ್ರಶ್ನೆಯನ್ನು ನಾನು ಹದಿಮೂರು ವರ್ಷ ಒಬ್ಬಳೇ ಹೊತ್ತುಕೊಂಡಿದ್ದೆ. ಅಷ್ಟೂ ವರ್ಷ ಒಂಬತ್ತನೇ ತರಗತಿಯ ಮಕ್ಕಳಿಗೆ ಜಡತ್ವದ ಪಾಠ ಮಾಡಿದವಳು ನಾನೇ, ಬಸ್ಸು ಥಟ್ಟನೆ ನಿಂತರೆ ನಿಂತಿರುವವರು ಮುಂದಕ್ಕೆ ಮುಗ್ಗರಿಸುತ್ತಾರೆ ಎಂದು ಕೈಚಾಚಿ ನಟಿಸಿ ತೋರಿಸಿದವಳೂ ನಾನೇ. ಆದರೂ ಪಾಠವನ್ನೂ ಆ ತಿರುವನ್ನೂ ಜೋಡಿಸಿ ನೋಡುವ ಧೈರ್ಯ ಬಂದಿರಲಿಲ್ಲ. 1996ರ ಒಂದು ಮಳೆಗಾಲದ ದಿನ ಕಪ್ಪುಹಲಗೆಯ ಮೇಲೆ ಲೆಕ್ಕ ಕೊಡುವಾಗ ಕೈ ತಾನಾಗಿಯೇ 12 ಕಿಲೋ, ಗಂಟೆಗೆ 40 ಕಿಲೋಮೀಟರ್ ಎಂದು ಬರೆಯಿತು. ಗಂಟೆಗೆ 40 ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಅದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಸೊನ್ನೆಯಾಗಬೇಕಾದರೆ ಆ 12 ಕಿಲೋದ ಮಗುವನ್ನು ತಡೆಯುವ ಕೈಗೆ ಸುಮಾರು 135 ಕಿಲೋ ಭಾರ ಹಿಡಿದಷ್ಟು ಬಲ ಬೇಕು, ಅಂದರೆ ಎರಡು ಅಡಿಕೆ ಮೂಟೆ. ಎರಡು ಮೂಟೆಯನ್ನು ಕೂತಲ್ಲಿಂದ ಒಂದು ಕೈಯಲ್ಲಿ ಹಿಡಿಯುವುದಿರಲಿ, ಎರಡು ಕೈಯಲ್ಲಿ ಹಿಡಿಯುವ ಗಂಡಸನ್ನೂ ನಮ್ಮ ಸೀಮೆಯಲ್ಲಿ ನಾನು ಕಂಡಿಲ್ಲ. ಲೆಕ್ಕ ನನ್ನನ್ನು ಬಿಡುಗಡೆ ಮಾಡಿತು ಎಂದು ಹೇಳಲಾರೆ. ಕೈ ಭರಣಿಯ ಮೇಲೆ ಇದ್ದದ್ದು ಹಾಗೆಯೇ ಇದೆ.

ಇದನ್ನು ನಿನಗೆ ಬರೆಯುವುದು ಏಕೆಂದರೆ, ನಿನ್ನ ಅತ್ತೆಯವರು ಮಗುವನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತೇನೆ ಎಂದು ಹೇಳುವಾಗ ಅವರು ಪೂರ್ತಿ ನಂಬಿಯೇ ಹೇಳುತ್ತಾರೆ. ನಾನೂ ನಂಬಿದ್ದೆ. ತೋಟದಲ್ಲಿ ಅಡಿಕೆ ಕೊಯ್ಯುವಾಗ ಗೊನೆಯನ್ನು ಮೇಲಿನಿಂದ ಹಗ್ಗದಲ್ಲಿ ಜಾರಿಸಿ ಬಿಡುತ್ತಾರಲ್ಲವೇ, ಕೆಳಗಿರುವವನು ಹಿಡಿದುಕೊಳ್ಳುತ್ತಾನೆ; ಹಗ್ಗವಿಲ್ಲದೆ ನೇರ ಬೀಳುವ ಗೊನೆಗೆ ಯಾರೂ ಕೈ ಒಡ್ಡುವುದಿಲ್ಲ, ದೂರ ಸರಿಯುತ್ತಾರೆ. ಗಂಟೆಗೆ 50 ಕಿಲೋಮೀಟರ್ ವೇಗದಿಂದ ಥಟ್ಟನೆ ನಿಲ್ಲುವುದೂ 10 ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದೂ ಲೆಕ್ಕದಲ್ಲಿ ಒಂದೇ. ತಮ್ಮ ಬೆಲ್ಟಿನೊಳಗೇ ಮಗುವನ್ನು ಸೇರಿಸಿಕೊಳ್ಳುತ್ತೇನೆ ಎಂದು ಅವರು ಹೇಳಿದರೆ ಅದು ಇನ್ನೂ ಕೆಟ್ಟದ್ದು. ಹಿಂದಿನಿಂದ ಬರುವ ದೊಡ್ಡವರ ಮೈಭಾರಕ್ಕೂ ಬೆಲ್ಟಿಗೂ ನಡುವೆ ಮಗು ಸಿಕ್ಕಿಕೊಳ್ಳುತ್ತದೆ.

ಕಾರಿಗೆ ಸುರಕ್ಷತೆಯ ಪರೀಕ್ಷೆಯಲ್ಲಿ ಐದು ನಕ್ಷತ್ರ ಬಂದಿದೆ, ಆದ್ದರಿಂದ ಧೈರ್ಯವಿದೆ ಎಂದು ನಿನ್ನ ಯಜಮಾನರು ಹೇಳುತ್ತಾರೆಂದು ಬರೆದಿದ್ದೀಯೆ. ಅವರ ಮಾತನ್ನು ತೆಗೆದುಹಾಕುತ್ತಿಲ್ಲ. 2023ರ ಅಕ್ಟೋಬರ್ 1ರಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆ ಬಂದಿದೆ, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರಿನ ಮುಂಭಾಗವನ್ನು ತಡೆಗೋಡೆಗೆ ಗುದ್ದಿಸಿ ನೋಡುತ್ತಾರೆ, ಪಕ್ಕದಿಂದಲೂ ಗುದ್ದಿಸುತ್ತಾರೆ; ಆ ವರ್ಷದ ಡಿಸೆಂಬರಿನಲ್ಲಿ ಮೊದಲು ಐದು ನಕ್ಷತ್ರ ಪಡೆದ ಎರಡು ಕಾರುಗಳಲ್ಲಿ ಮೂರು ಸಾಲಿನ ಸಫಾರಿಯೂ ಒಂದು. ಆದರೆ ದೊಡ್ಡವರ ನಕ್ಷತ್ರ ಬೇರೆ, ಮಕ್ಕಳ ನಕ್ಷತ್ರ ಬೇರೆ. ದೊಡ್ಡವರದ್ದು 32 ಅಂಕಕ್ಕೆ, ಮಕ್ಕಳದ್ದು 49 ಅಂಕಕ್ಕೆ. ಎರಡನ್ನೂ ಬೇರೆ ಬೇರೆಯಾಗಿ ಕೇಳು. ನನ್ನ ಮನಸ್ಸಿಗೆ ನಾಟಿದ್ದು ಇನ್ನೊಂದು. ಆ ಪರೀಕ್ಷೆಯಲ್ಲಿ 18 ತಿಂಗಳ ಮಗುವಿನ ಬೊಂಬೆಯನ್ನೂ 3 ವರ್ಷದ ಮಗುವಿನ ಬೊಂಬೆಯನ್ನೂ ಮಕ್ಕಳ ಆಸನದಲ್ಲಿ ಕಟ್ಟಿ ಕೂರಿಸಿರುತ್ತಾರೆ. ಕಟ್ಟಿ ಕೂರಿಸಿದ ಬೊಂಬೆಗೆ ಸಿಕ್ಕ ನಕ್ಷತ್ರ ಅದು. ಅಜ್ಜಿಯ ಮಡಿಲಲ್ಲಿ ಕೂತ ಮಗುವಿಗೆ ಯಾವ ಕಾರಿನಲ್ಲೂ ಒಂದು ನಕ್ಷತ್ರವೂ ಇಲ್ಲ.

ವಿಶಾಲವಾದ ಕಾರು ಬೇಕೆಂದು ನೀನು ಹೇಳುವುದನ್ನು ನಾನು ಇದೇ ಕಾರಣಕ್ಕೆ ಒಪ್ಪುತ್ತೇನೆ, ನಿನಗೆ ಬೇರೆ ಕಾರಣಗಳಿರಬಹುದು. ಎರಡನೇ ಸಾಲಿನಲ್ಲಿ ಬಿಡಿಬಿಡಿಯಾದ ಎರಡು ಸೀಟುಗಳಿರುವ ಕಾರಾದರೆ ಒಂದರಲ್ಲಿ ಪುಟ್ಟಿಯ ಆಸನ, ಪಕ್ಕದ್ದರಲ್ಲಿ ಅತ್ತೆಯವರು ಕೂರಬಹುದು. ಮಗುವಿನ ಕೈ ಹಿಡಿಯಬಹುದು, ಹಾಡು ಹೇಳಬಹುದು, ಎತ್ತಿಕೊಳ್ಳುವ ಅಗತ್ಯ ಕಡಿಮೆಯಾಗಬಹುದು. ಸಾಮಾನ್ಯ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳ ಆಸನ ಇಟ್ಟ ಮೇಲೆ ಇಬ್ಬರು ದೊಡ್ಡವರು ಇಕ್ಕಟ್ಟಿನಲ್ಲಿ ಕೂರುತ್ತಾರೆ, ಆಗ ಇದನ್ನು ತೆಗೆದು ಹಿಂದೆ ಹಾಕಿ ಎಂಬ ಮಾತು ತಾನಾಗಿಯೇ ಬರುತ್ತದೆ. ಅಂಗಡಿಗೆ ಹೋಗುವಾಗ ಮಗುವಿನ ಆಸನವನ್ನೂ ಜೊತೆಗೆ ಒಯ್ದು ಕೂರಿಸಿ ನೋಡಿರಿ. ಸೀಟಿನ ಸಂದಿಯಲ್ಲಿ ಐಸೋಫಿಕ್ಸ್ ಎನ್ನುವ ಎರಡು ಕಬ್ಬಿಣದ ಕೊಂಡಿಗಳಿರುತ್ತವೆ, ಆಸನ ಅದಕ್ಕೆ ಕಟಕ್ಕೆಂದು ಕೂರಬೇಕು. ಮೂರನೇ ಸಾಲಿಗೆ ಯಾವ ಕಡೆಯ ಸೀಟು ಮಡಚಿ ಹತ್ತುತ್ತಾರೋ ಆ ಕಡೆ ಅದನ್ನು ಇಡಬೇಡ, ದಿನಾ ತೆಗೆಯಬೇಕಾಗುತ್ತದೆ, ದಿನಾ ತೆಗೆಯುವುದು ಒಂದು ದಿನ ಮನೆಯಲ್ಲೇ ಉಳಿಯುತ್ತದೆ. ಹನ್ನೊಂದು ತಿಂಗಳ ಮಗುವಿಗೆ ಮುಖ ಹಿಂದಕ್ಕೇ ಇರಲಿ; 15 ತಿಂಗಳಾದರೂ ತುಂಬುವವರೆಗೆ ಹಾಗೆ, ಆಮೇಲೂ ಆದಷ್ಟು ದಿನ. ಏರ್‌ಬ್ಯಾಗ್ ಎನ್ನುವ ಗಾಳಿಚೀಲವಿರುವ ಮುಂದಿನ ಸೀಟಿನಲ್ಲಿ ಮಾತ್ರ ಹಿಂದೆ ಮುಖ ಮಾಡಿದ ಆಸನ ಎಂದಿಗೂ ಬೇಡ. ಇಷ್ಟೆಲ್ಲ ನಿನಗೆ ಮೊದಲೇ ಗೊತ್ತಿರಬಹುದು, ಮುದುಕಿಯ ಅಧಿಕಪ್ರಸಂಗ ಎಂದುಕೊಂಡು ಓದು.

ಮೂರನೇ ಸಾಲಿನ ಬಗ್ಗೆ ಸ್ವಲ್ಪ. ಅಲ್ಲಿ ನಿನ್ನ ದೊಡ್ಡ ಮಗನನ್ನು ಕೂರಿಸುತ್ತೀರಿ ಎಂದು ತಿಳಿದೆ. ನಮ್ಮ ಕಡೆಯ ಜೀಪುಗಳಲ್ಲಿರುವಂತೆ ಎದುರುಬದುರಾಗಿ ಕೂರುವ ಸೀಟಾದರೆ ಕಾರನ್ನೇ ಬಿಟ್ಟುಬಿಡಿ. ಮುಂದಕ್ಕೆ ಮುಖ ಮಾಡಿದ ಸೀಟು, ಹೆಗಲ ಮೇಲೆ ಬರುವ ಬೆಲ್ಟು, ತಲೆಗೆ ಆನಿಕೆ, ಮೂರೂ ಇರಲಿ. ಪರೀಕ್ಷೆಯ ಬೊಂಬೆಗಳು ಮೊದಲ ಎರಡು ಸಾಲುಗಳಲ್ಲೇ ಕೂರುತ್ತವೆ ಎನ್ನುವುದೂ ನೆನಪಿರಲಿ. ಮೂರೂ ಸಾಲು ತುಂಬಿದರೆ ಸಾಮಾನಿಗೆ ಹೆಚ್ಚು ಜಾಗ ಉಳಿಯುವುದಿಲ್ಲ. ಎರ್ಟಿಗಾ ಕಾರಿನಲ್ಲಿ ಆಗ ಉಳಿಯುವುದು 209 ಲೀಟರ್, ಅಂದರೆ ಒಂದೆರಡು ಚೀಲ. ಮಿಕ್ಕಿದ್ದನ್ನು ಕಾಲ ಹತ್ತಿರ, ಮಡಿಲಲ್ಲಿ, ಗಾಜಿನ ಪಕ್ಕದಲ್ಲಿ ಇಡುತ್ತಾರೆ. ಸಾಮಾನಿಗೂ ಅದೇ ಲೆಕ್ಕ ಅನ್ವಯಿಸುತ್ತದೆ, ಅದು ಯಾರ ಕೈಯನ್ನು ಬೇಡುತ್ತದೆ ಎನ್ನುವುದು ನನಗೆ ಗೊತ್ತಿದೆ.

ಇನ್ನು ಬೇಡವೆನ್ನಲು ಬಾಯಿ ಬರುವುದಿಲ್ಲ ಎಂಬ ಮಾತು. ಇದಕ್ಕೆ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ನಾನೇ ಅತ್ತೆಯ ಎದುರು ಮೂವತ್ತು ವರ್ಷ ತಲೆಯೆತ್ತದೆ ಸಂಸಾರ ಮಾಡಿದವಳು. ಕಾನೂನಿದೆ ಎಂದು ಹೇಳಿ ನೋಡು: 2019ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸದಿದ್ದರೆ 1000 ರೂಪಾಯಿ ದಂಡ. ತಪ್ಪನ್ನು ಸರ್ಕಾರದ ಮೇಲೆ ಹೊರಿಸಿದರೆ ಮನೆಯಲ್ಲಿ ಜಗಳವಾಗುವುದಿಲ್ಲ. ಅತ್ತೆಯವರಿಗೂ ಬೆಲ್ಟ್ ಹಾಕಿಸು. 2022ರ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡಾಗ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದು ಪತ್ರಿಕೆಯಲ್ಲಿ ಬಂದಿತ್ತು. ಮಗು ಅತ್ತರೆ ಕಾರು ನಿಲ್ಲಿಸು. ರಸ್ತೆಯಿಂದ ಕೆಳಗಿಳಿಸಿ ನಿಲ್ಲಿಸಿ, ಅವರೇ ಮಗುವನ್ನು ಎತ್ತಿಕೊಂಡು ಹತ್ತು ನಿಮಿಷ ಓಡಾಡಿಸಲಿ, ಆಮೇಲೆ ಮತ್ತೆ ಕಟ್ಟಿ ಹೊರಡಿರಿ. ಎತ್ತಿಕೊಳ್ಳುವುದು ಅವರಿಗೇ ಇರಲಿ, ಗಾಲಿ ನಿಂತಾಗ ಇರಲಿ.

ಅದಕ್ಕೂ ಅವರು ಒಪ್ಪದಿದ್ದರೆ ಈ ಪತ್ರವನ್ನೇ ಓದಲು ಕೊಡು. ಬೇರೆಯವರ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೈಬಿಟ್ಟವಳೊಬ್ಬಳು ಬರೆದದ್ದು ಎಂದು ಹೇಳು, ನನಗೆ ಬೇಸರವಿಲ್ಲ. ನಿನ್ನ ಅಮ್ಮನಿಗೆ ಮಾತ್ರ ತೋರಿಸಬೇಡ. ಭರಣಿಯ ವಿಷಯ ಅವಳಿಗೆ ಗೊತ್ತಿಲ್ಲ. ಅವತ್ತು ಹಿಂದಿನ ಸೀಟಿನಲ್ಲಿದ್ದ ಅವಳು, ಅಕ್ಕ ಎರಡೂ ಕೈಯಲ್ಲಿ ಹಿಡಿದಿದ್ದರೂ ಹೀಗಾಯಿತಲ್ಲ ಎಂದು ಆಸ್ಪತ್ರೆಯಲ್ಲಿ ನನ್ನನ್ನೇ ಸಂತೈಸಿದಳು, ನಾನು ತಲೆಯಾಡಿಸಿದೆ. ಅದನ್ನು ನಾನೇ ಹೇಳಬೇಕು. ದೀಪಾವಳಿಗೆ ಅವಳೂ ಬರುತ್ತಾಳಲ್ಲ, ಆಗ ಹೇಳುತ್ತೇನೆ ಎಂದುಕೊಂಡಿದ್ದೇನೆ. ಹೋದ ದೀಪಾವಳಿಗೂ ಹಾಗೆಯೇ ಅಂದುಕೊಂಡಿದ್ದೆ.

ನೀವು ಬೆಂಗಳೂರಿನಿಂದ ಎಷ್ಟು ಹೊತ್ತಿಗೆ ಹೊರಡುತ್ತೀರೆಂದು ಮೊದಲೇ ತಿಳಿಸು. ತುಮಕೂರಿನಲ್ಲೊಮ್ಮೆ, ಕಡೂರಿನಲ್ಲೊಮ್ಮೆ ನಿಲ್ಲಿಸಿಕೊಂಡು ಬಂದರೆ ಊಟಕ್ಕೆ ತಡವಾಗುತ್ತದೆ, ಆಗಲಿ, ಕಾಯುತ್ತೇನೆ. ಹೋಗುವಾಗ ಈ ಸಲದ ಅಪ್ಪೆಮಿಡಿಯನ್ನು ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದು ಕೊಡುತ್ತೇನೆ. ಯಾರ ಕೈಗೂ ಕೊಡದೆ ಹಿಂದಿನ ಡಿಕ್ಕಿಯಲ್ಲಿ ಇಟ್ಟುಕೋ.

ಇಂತಿ ನಿನ್ನ
ದೊಡ್ಡಮ್ಮ