ಮಾಸ್ಕ್ ಹಾಕಿ, ಕೇಳುವ ಹಾಗೆ ಮಾತಾಡಿ

(2021ರ ಕೊರೊನಾ ಕಾಲದಲ್ಲಿ ಬರೆದ ಪತ್ರ)

ಸಂಪಾದಕರೇ,

ಮಾಸ್ಕ್ ಹಾಕಿ, ದೂರ ನಿಲ್ಲಿ ಅಂತ ದಿನಾ ಬರೆಯುತ್ತೀರಿ. ಬರೆಯಲೇಬೇಕು. ಆದರೆ ಕಿವಿ ಮಂದ ಇದ್ದವರ ಪಾಡು ಏನಾಗಿದೆ ಅಂತ ಯಾರೂ ಕೇಳುತ್ತಿಲ್ಲ.

ಇವರು ಎಷ್ಟೋ ಮಾತನ್ನು ತುಟಿ ನೋಡಿಯೇ ತಿಳಿದುಕೊಳ್ಳುವವರು. ಈಗ ತುಟಿಯೇ ಕಾಣುವುದಿಲ್ಲ. ಮಾಸ್ಕ್ ತಡೆಯುವುದೂ ಸ, ಶ, ತ ದಂಥ ಸಣ್ಣ ಸದ್ದುಗಳನ್ನೇ, ವಯಸ್ಸಾದವರಿಗೆ ಮೊದಲೇ ಸರಿಯಾಗಿ ಕೇಳದಿರುವುದೂ ಅವೇ. ಅದರ ಮೇಲೆ ಕೌಂಟರಿನ ಪ್ಲಾಸ್ಟಿಕ್ ಪರದೆ ಬೇರೆ. ಲಸಿಕೆ ಸಾಲಿನಲ್ಲಿ ನಮ್ಮ ಆಯಿಯ ಟೋಕನ್ ನಂಬರ್ ಕೂಗಿದ್ದು ಅವಳಿಗೆ ಕೇಳಲೇ ಇಲ್ಲ. ಸರದಿ ದಾಟಿ ಹೋಯಿತು, ಮೇಲಿಂದ ಬೈಸಿಕೊಂಡದ್ದೂ ಅವಳೇ! ಒಂದು ಪಾಟಿಯ ಮೇಲೆ ಸೀಮೆಸುಣ್ಣದಲ್ಲಿ ನಂಬರ್ ಬರೆದು ಎತ್ತಿ ಹಿಡಿದರೆ ಮುಗೀತಲ್ವಾ? ಕಿರುಚಿದರೆ ಮಾತು ಇನ್ನಷ್ಟು ಒಡೆದು ಕೇಳುತ್ತದೆ. ಎದುರಿಗೆ ನಿಂತು ನಿಧಾನ ಹೇಳಿದರೆ ಸಾಕು.

ಕಿವಿ ಮಶಿನ್ ಇದ್ದವರದ್ದು ಬೇರೆಯೇ ಫಜೀತಿ. ಕನ್ನಡಕದ ಕಡ್ಡಿ, ಮಶಿನ್, ಮಾಸ್ಕಿನ ಇಲಾಸ್ಟಿಕ್, ಮೂರಕ್ಕೂ ಇರುವುದು ಅದೇ ಕಿವಿ. ಅವಸರದಲ್ಲಿ ಮಾಸ್ಕ್ ಎಳೆದರೆ ಮಶಿನ್ನೂ ಕಿತ್ತು ಬರುತ್ತದೆ, ಮೀನು ಪೇಟೆಯ ನೀರಲ್ಲಿ ಬಿದ್ದರೆ ಸಾವಿರಾರು ರೂಪಾಯಿ ಹೋಯಿತು. ತಲೆಯ ಹಿಂದೆ ಲಾಡಿ ಕಟ್ಟುವ ಮಾಸ್ಕ್ ಹೊಲಿಸಿಕೊಳ್ಳಿ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೂ ಮಶಿನ್ ಬಾಳುವುದಿಲ್ಲ. ರಾತ್ರಿ ಬ್ಯಾಟರಿ ಬಾಗಿಲು ತೆರೆದು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಮುಚ್ಚಿಡಿ.

ಮಕ್ಕಳದ್ದೂ ಸ್ವಲ್ಪ ನೋಡಿ. ಶಿರಸಿ, ಸಿದ್ದಾಪುರದ ಕಡೆ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದೆಸಿದ ಗುಡಿಸಲಲ್ಲಿ ಆನ್‌ಲೈನ್ ಕ್ಲಾಸ್ ಕೇಳುತ್ತಾರೆ. ಮಳೆ ಬಡಿತದಲ್ಲಿ ಏನೂ ಕೇಳದೆ ಇಯರ್‌ಫೋನ್ ವಾಲ್ಯೂಮ್ ಪೂರ್ತಿ ಏರಿಸುತ್ತಾರೆ. ಮಕ್ಕಳಿಗೆ 75 ಡೆಸಿಬಲ್ ಸದ್ದು ವಾರಕ್ಕೆ 40 ತಾಸಿಗಿಂತ ಜಾಸ್ತಿ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸದ್ದು ಅದಕ್ಕಿಂತ ಏರಿದಷ್ಟೂ ಈ ತಾಸು ಬೇಗ ಬೇಗ ಕರಗುತ್ತದೆ. ವಾಲ್ಯೂಮ್ ಅರ್ಧದ ಆಸುಪಾಸಿನಲ್ಲಿರಲಿ, ನಡುನಡುವೆ ಕಿವಿಗೆ ಬಿಡುವು ಕೊಡಿಸಿ.

ಇನ್ನೊಂದು ಮಾತು, ಇದು ತುರ್ತಿನದು. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದೇ ಹೋದರೆ ಗುಗ್ಗೆ ಇರಬೇಕು ಅಂತ ಸುಮ್ನೆ ಎಣ್ಣೆ ಬಿಟ್ಟು ಕೂರಬೇಡಿ. ಕೊರೊನಾ ಕಡಿಮೆಯಾಗಲಿ, ಆಮೇಲೆ ನೋಡೋಣ ಅಂತಲೂ ಬೇಡ. ಒಳಕಿವಿಯ ನರದ ತೊಂದರೆಯಾಗಿದ್ದರೆ ಸ್ಟೆರಾಯ್ಡ್ ಔಷಧಿ ಹೆಚ್ಚು ಕೆಲಸ ಮಾಡುವುದು ಮೊದಲ ಎರಡು ವಾರದೊಳಗೇ. ಅದೇ ದಿನ ಕಿವಿ ಡಾಕ್ಟರಿಗೆ ಫೋನ್ ಮಾಡಿ.

ದಿನಾ ಸೋಂಕಿತರ ಲೆಕ್ಕ ಹಾಕುತ್ತೀರಲ್ಲ, ಅದರ ಪಕ್ಕ ಇದಕ್ಕೂ ನಾಲ್ಕು ಸಾಲು ಜಾಗ ಕೊಡಿ.

– ಓದುಗ, ಕುಮಟಾ