ರೋಸ್‌ಮೆರಿಗೆ ತಟ್ಟಿದ್ದು ಶಾಪವಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಕೆನಡಿ ಕುಟುಂಬದ ಬಗ್ಗೆ ಯಾರೇ ಬರೆಯಲಿ, ‘ಶಾಪ’ ಎಂಬ ಮಾತು ಬಂದೇ ಬರುತ್ತದೆ. ಹಿರಿಯ ಮಗ ಜೋ 1944ರಲ್ಲಿ ಯುದ್ಧವಿಮಾನ ಸ್ಫೋಟಿಸಿ ತೀರಿಕೊಂಡರು. 1948ರಲ್ಲಿ ಮಗಳು ಕ್ಯಾಥ್ಲೀನ್ ವಿಮಾನ ದುರಂತಕ್ಕೆ ಬಲಿಯಾದರು. ಆಮೇಲೆ ಅಧ್ಯಕ್ಷರಾಗಿದ್ದ ಜಾನ್ ಮತ್ತು ಅವರ ತಮ್ಮ ರಾಬರ್ಟ್ ಅವರ ಹತ್ಯೆ. ಇದೇ ಸಾಲಿನಲ್ಲಿ ಇವರೆಲ್ಲರ ಒಡಹುಟ್ಟಿದ ರೋಸ್‌ಮೆರಿಯ ಹೆಸರನ್ನೂ ಸೇರಿಸಿ ಮುಂದೆ ಹೋಗುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆಕೆಗೆ ಆದದ್ದು ವಿಧಿಯಾಟವಲ್ಲ. ಅದು ಹೆತ್ತ ತಂದೆ ಮತ್ತು ಇಬ್ಬರು ವೈದ್ಯರು ಸೇರಿ ಮಾಡಿದ ತೀರ್ಮಾನ.

ರೋಸ್‌ಮೆರಿ ಹುಟ್ಟಿದ್ದು 1918ರ ಸೆಪ್ಟೆಂಬರ್‌ನಲ್ಲಿ, ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ. ಕಲಿಕೆಯಲ್ಲಿ ಒಡಹುಟ್ಟಿದವರಿಗಿಂತ ಹಿಂದಿದ್ದರು, ನಿಜ. ಆದರೆ ಓದು ಬರಹ ಬಲ್ಲವರು, ದಿನಚರಿ ಬರೆಯುತ್ತಿದ್ದವರು, ನೃತ್ಯವನ್ನು ಇಷ್ಟಪಡುತ್ತಿದ್ದವರು. ತಂದೆ ಜೋಸೆಫ್ ಬ್ರಿಟನ್ನಿನಲ್ಲಿ ರಾಯಭಾರಿಯಾಗಿದ್ದಾಗ, 1938ರಲ್ಲಿ ಬಕಿಂಗ್‌ಹ್ಯಾಂ ಅರಮನೆಗೆ ಹೋಗಿ ರಾಜದಂಪತಿಗೆ ವಂದಿಸಿ ಬಂದಿದ್ದರು. ಅಲ್ಲೇ ಮಾಂಟೆಸ್ಸರಿ ಪದ್ಧತಿಯ ಶಾಲೆಯೊಂದರಲ್ಲಿ ಪುಟ್ಟ ಮಕ್ಕಳ ಜೊತೆ ನೆಮ್ಮದಿಯಿಂದ ಇದ್ದರು. ಆ ನೆಮ್ಮದಿಯನ್ನು ಮಹಾಯುದ್ಧ ಕಿತ್ತುಕೊಂಡಿತು.

ಅಮೆರಿಕಕ್ಕೆ ಮರಳಿದ ಮೇಲೆ ಸಿಟ್ಟು, ಹಟ ಹೆಚ್ಚಾಯಿತು; ವಾಷಿಂಗ್ಟನ್ನಿನಲ್ಲಿ ತಾವಿದ್ದ ಕಾನ್ವೆಂಟಿನಿಂದ ರಾತ್ರಿ ಹೊತ್ತು ಹೊರಗೆ ಹೋಗಿಬಿಡುತ್ತಿದ್ದರು. ಗಂಡುಮಕ್ಕಳನ್ನು ಅಧಿಕಾರಕ್ಕೆ ತರುವ ಹಂಬಲದಲ್ಲಿದ್ದ ಜೋಸೆಫ್‌ಗೆ ಮನೆತನದ ಹೆಸರು ಕೆಟ್ಟೀತೆಂಬ ಅಂಜಿಕೆ. 1941ರ ನವೆಂಬರ್‌ನಲ್ಲಿ, 23ರ ಹರೆಯದ ಮಗಳನ್ನು ಲೊಬಾಟಮಿ ಎಂಬ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಪ್ಪಿಸಿದರು. ತಾಯಿ ರೋಸ್‌ಗೆ ತಿಳಿಸಿದ್ದು ಎಲ್ಲ ಮುಗಿದ ಮೇಲೆ ಎನ್ನುತ್ತಾರೆ ಜೀವನಚರಿತ್ರೆಕಾರರು. ವೈದ್ಯರು ವಾಲ್ಟರ್ ಫ್ರೀಮನ್ ಮತ್ತು ಜೇಮ್ಸ್ ವಾಟ್ಸ್. ವಾಟ್ಸ್ ಅವರೇ ಮುಂದೆ ಹೇಳಿಕೊಂಡಂತೆ, ರೋಸ್‌ಮೆರಿ ಎಚ್ಚರವಾಗಿದ್ದರು. ಪ್ರಾರ್ಥನೆ ಹೇಳು, ಹಾಡು ಹೇಳು ಎನ್ನುತ್ತಲೇ ಮಿದುಳಿನ ಎಳೆಗಳನ್ನು ಕತ್ತರಿಸುತ್ತ ಹೋದರು. ಆಕೆಯ ಮಾತು ತೊದಲತೊಡಗಿದಾಗ ನಿಲ್ಲಿಸಿದರು.

ನಡಿಗೆಯೂ ಹೋಯಿತು, ಮಾತೂ ಹೋಯಿತು. 1949ರಿಂದ ವಿಸ್ಕಾನ್ಸಿನ್‌ನ ಸೇಂಟ್ ಕೊಲೆಟ್ಟಾ ಎಂಬ ಸಂಸ್ಥೆಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಆರೈಕೆ. ವರ್ಷಗಟ್ಟಲೆ ಒಡಹುಟ್ಟಿದವರಿಗೂ ಆಕೆ ಎಲ್ಲಿದ್ದಾರೆಂದು ಗೊತ್ತಿರಲಿಲ್ಲ. 1961ರ ಕೊನೆಯಲ್ಲಿ ತಂದೆ ಪಾರ್ಶ್ವವಾಯುವಿಗೆ ತುತ್ತಾದ ನಂತರವಷ್ಟೇ ಮನೆಯವರು ಮತ್ತೆ ಆಕೆಯ ಹತ್ತಿರ ಬಂದರು. ರೋಸ್‌ಮೆರಿ ತೀರಿಕೊಂಡದ್ದು 2005ರಲ್ಲಿ, 86ನೇ ವಯಸ್ಸಿನಲ್ಲಿ.

ತಂಗಿ ಯೂನಿಸ್ ಶ್ರೈವರ್ ಅವರ ಬಗ್ಗೆ ನನಗೆ ಅಪಾರ ಗೌರವ. 1962ರ ಬೇಸಿಗೆಯಲ್ಲಿ ಮೇರಿಲ್ಯಾಂಡ್‌ನ ತಮ್ಮ ಮನೆಯಂಗಳದಲ್ಲೇ ಅಕ್ಕನಂತೆ ಬುದ್ಧಿಯ ಬೆಳವಣಿಗೆಯಲ್ಲಿ ಹಿಂದಿದ್ದ ಮಕ್ಕಳಿಗೆ ಆಟೋಟದ ಶಿಬಿರ ನಡೆಸಿದರು. ಅದೇ ವರ್ಷ ದೇಶದ ಹೆಸರಾಂತ ಪತ್ರಿಕೆಯಲ್ಲಿ ಅಕ್ಕನ ಬಗ್ಗೆ ಬಹಿರಂಗವಾಗಿ ಬರೆದರು. ಶಸ್ತ್ರಚಿಕಿತ್ಸೆಯ ಮಾತನ್ನು ಆಗಲೂ ಎತ್ತಲಿಲ್ಲ, ಅದು ದೊಡ್ಡ ಕೊರತೆಯೇ. ಆದರೂ ಅಧ್ಯಕ್ಷರ ಮನೆಯಲ್ಲೇ ಇಂಥ ಮಗಳಿದ್ದಾಳೆ ಎಂಬುದು, ಮಕ್ಕಳನ್ನು ನೆಂಟರ ಕಣ್ಣಿಗೆ ಬೀಳದಂತೆ ಬಚ್ಚಿಡುತ್ತಿದ್ದ ತಾಯಂದಿರಿಗೆ ಎಂಥ ಧೈರ್ಯ ಕೊಟ್ಟಿರಬೇಕು! ಆ ಶಿಬಿರವೇ ಬೆಳೆದು, 1968ರ ಜುಲೈ 20ರಂದು ಷಿಕಾಗೋದ ಸೋಲ್ಜರ್ ಫೀಲ್ಡ್ ಕ್ರೀಡಾಂಗಣದಲ್ಲಿ ಇಂಥವರಿಗಾಗಿಯೇ ಮೊದಲ ಸ್ಪೆಷಲ್ ಒಲಿಂಪಿಕ್ಸ್ ಕ್ರೀಡಾಕೂಟ ನಡೆಯಿತು. ಸುಮಾರು ಸಾವಿರ ಮಂದಿ ಓಡಿದರು, ಈಜಿದರು. ರಾಬರ್ಟ್ ಕೆನಡಿ ಗುಂಡಿಗೆ ಬಲಿಯಾಗಿ ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ.

ಆ ಕೂಟ ಇಂದು ನಮ್ಮ ದೇಶದ ಮಕ್ಕಳದ್ದೂ ಹೌದು. 2023ರ ಬರ್ಲಿನ್ ಕ್ರೀಡಾಕೂಟದಲ್ಲಿ ಭಾರತ 202 ಪದಕ ಗೆದ್ದಿತು. ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ: ಕೆನಡಿಗಳ ಬಗ್ಗೆ ಬರೆಯುವಾಗ ರೋಸ್‌ಮೆರಿಗೆ ಯಾರು ಏನು ಮಾಡಿದರು ಎಂಬುದನ್ನು ನೇರವಾಗಿ ಬರೆಯಿರಿ. ಸ್ಪೆಷಲ್ ಒಲಿಂಪಿಕ್ಸ್‌ಗೆ ಹೋಗಿಬರುವ ನಮ್ಮ ಜಿಲ್ಲೆಗಳ ಹುಡುಗ ಹುಡುಗಿಯರ ಸುದ್ದಿಯನ್ನು ಅನುಕಂಪದ ಬರಹವಾಗಿಸದೆ ಕ್ರೀಡಾಪುಟದಲ್ಲೇ ಹಾಕಿ, ಅವರ ಹೆಸರು, ಆಟ, ಗೆದ್ದ ಪದಕದ ಸಮೇತ.

– ನಿವೃತ್ತ ವಿಶೇಷ ಶಿಕ್ಷಕಿ, ಶಿವಮೊಗ್ಗ