ರಾತ್ರಿ ಎರಡು ಗಂಟೆಯ ಹಾಲು

ಸರ್, ನಿಮಗೆ ಥ್ಯಾಂಕ್ಸ್ ಹೇಳಿ ಬರೆದರೆ ಹೆಸರು ಹಾಕಬೇಡಮ್ಮ ಅಂತ ಮೊದಲೇ ಹೇಳಿಬಿಟ್ಟಿದ್ದೀರಿ. ಹಾಕಿಲ್ಲ. ಆದರೆ ಸುಮ್ನೆ ಇರಲೂ ಆಗಲಿಲ್ಲ.

ನಾನು ಬಸುರಿ ಅಂತ ಗೊತ್ತಾದ ದಿನವೇ ಹುಲಿ, ಚಿರತೆಗಳ ಬೋನು ತೊಳೆಯುವ ನನ್ನ ಕೆಲಸವನ್ನು ನೀವು ವಹಿಸಿಕೊಂಡಿರಿ. ಬೆಕ್ಕಿನ ಜಾತಿಯ ಪ್ರಾಣಿಗಳ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಅನ್ನೋ ರೋಗಾಣು ಇರಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ನನಗೂ ಗೊತ್ತಿತ್ತು. ಕೇಳೋಕೆ ಸಂಕೋಚ, ಅಷ್ಟೇ.

ಹೆರಿಗೆ ರಜೆ ಮುಗಿಸಿ ಬಂದ ವಾರವೇ ತಾಯಿ ಬಿಟ್ಟ ಚಿರತೆ ಮರಿಯೊಂದು ನನ್ನ ಪಾಲಿಗೆ ಬಂತು. ಎರಡು ಮೂರು ಗಂಟೆಗೊಮ್ಮೆ ಹಾಲು, ರಾತ್ರಿಯೂ ಬಿಡುವಿಲ್ಲ. ಒದ್ದೆ ಹತ್ತಿಯಿಂದ ಒರೆಸಿದರೇನೇ ಉಚ್ಚೆ ಮಾಡುತ್ತದೆ. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ಒಮ್ಮೆ ನಿದ್ದೆಗಣ್ಣಲ್ಲಿ ಮರಿಯನ್ನು ನನ್ನ ಮಗಳ ಹಾಗೆ ಅಂಗಾತ ಹಿಡಿದು ಬಾಟಲಿ ಕೊಡಲು ಹೋಗಿದ್ದೆ. ಹಾಗೆ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯಬಹುದು. ನೀವು ಬೈಯಲಿಲ್ಲ. ಮೆಲ್ಲಗೆ ಹೊಟ್ಟೆ ಕೆಳಗಾಗುವಂತೆ ತಿರುಗಿಸಿದಿರಿ. ಆಮೇಲೆ, "ಎರಡು ಗಂಟೆಯ ಹಾಲು ನಂದು, ನೀನು ಮನೆಗೆ ಹೋಗು" ಅಂದಿರಿ. ಒಂದು ರಾತ್ರಿಯಲ್ಲ, ಆರು ವಾರ.

ಆ ಆರು ವಾರ ಮಗಳು ರಾತ್ರಿ ಎದ್ದಾಗಲೆಲ್ಲ ನಾನು ಪಕ್ಕದಲ್ಲಿದ್ದೆ. ಇದಕ್ಕಿಂತ ಜಾಸ್ತಿ ಏನು ಬೇಕಿತ್ತು?

ಬಟ್ಟೆ ಬದಲಿಸಿ, ಸ್ನಾನ ಮಾಡಿಯೇ ಮಗುವನ್ನು ಎತ್ತಿಕೊಳ್ಳಬೇಕು ಅಂತ ಕಲಿಸಿದ್ದೂ ನೀವೇ. ಅವಳು ಬಚ್ಚಲ ಬಾಗಿಲು ಬಡಿದು ಅಳುತ್ತಿದ್ದಳು, ಅದು ಬೇರೆ ಮಾತು.

ಮರಿ ಈಗ ಬೆಳೆದಿದೆ. ನನ್ನನ್ನು ಕಂಡರೆ ಗುರ್ ಅನ್ನುತ್ತದೆ. ನಿಮ್ಮನ್ನು ಕಂಡರೂ ಅಷ್ಟೇ, ಬಿಡಿ. ಮಗಳು ಮಾತ್ರ ನಿಮ್ಮನ್ನು ತಾತ ಅಂತಲೇ ಕರೆಯುತ್ತಾಳೆ. ತುಂಬಾ ಥ್ಯಾಂಕ್ಸ್, ಸರ್.